ಇಲ್ಲದ ಮರದ ಸಿಂದಿ

ಅಲ್ಲಲೇ, ಆ ಮೊಬೈಲಿನ್ಯಾಗ ಕೋಟು ಹಾಕ್ಕೊಂಡಾಂವ ಗಿಲಾಸು ಅಳ್ಳಾಡಿಸಿ, ಮೂಸಿ, ಒಂದು ಗುಟುಕು ಬಾಯಾಗ ಹೊಳ್ಳಾಡಿಸಿ, "ಇದು ಇಂಥಾ ಗುಡ್ಡದ ದ್ರಾಕ್ಷಿದು" ಅಂದ ಅಂತ ನೀವು ಬಾಯಿ ತಕ್ಕೊಂಡು ಕುಂತೀರಲ್ಲ, ನಮ್ಮ ಮಾವ ಏನು ಕಮ್ಮಿ ಇದ್ದಾ? ಮಾವ ಅಂದ್ರ ನಿಮ್ಮ ತಾತನ ಅಪ್ಪ. ಆಂವಗ ಕೋಟಿಲ್ಲ, ಗಿಲಾಸಿಲ್ಲ, ಕಡೀಕಡೀಕ ಕಣ್ಣು ಸೈತ ಇರಲಿಲ್ಲ, ಪೊರಿ ಬಂದಿತ್ತು. ಆದ್ರ ನಾಲಿಗಿ ಇತ್ತು ನೋಡ್ರಿ. ಒಂದು ಗುಟುಕು ಸಿಂದಿ ಕುಡದು ಇದು ಯಾವ ಈಚಲ ಮರದ್ದು ಅಂತ ಹೇಳತಿದ್ದ. ಹೂಂ, ನಗ್ರಿ. ನಾ ನಿಮಗ ಚಾ ಕೊಡೂ ಮೊದ್ಲ ಒಂದು ಗುಟುಕು ಕುಡೀತೀನಿ ಅಂತನೂ ನಗ್ತೀರಿ. ಅದೂ ಇದರಾಗ ಬರ್ತದ, ತಡೀರಿ.

ಈಗ ಮಾನ್ವಿಗಿ ಬಂದು ಕುಂತೀವಿ, ಆಗ ನಮ್ಮ ಮನಿ ದೇವದುರ್ಗದ ಕಡಿ, ಹಳ್ಳದ ದಂಡ್ಯಾಗ. ಹಳ್ಳದ ತುಂಬ ಈಚಲ ಮರ. ನಿಜಾಮನ ಕಾಲದಾಗ ಸರಕಾರದೋರು ಮರಕ್ಕ ನಂಬರ ಹೊಡೀತಿದ್ರಂತ, ಆದ್ರ ಮಾವ ಒಂದನ್ನೂ ನಂಬರಿನಿಂದ ಕರದಾಂವಲ್ಲ. ಗೂನಿ, ಮೂಕಿ, ದೊಡ್ಡವ್ವ, ಒಂದ ಕುಣಿಯಾಗ ಬೆಳದ ಎರಡು ಮರ ಸವತೇರು, ಹಿಂಗ ಹೆಸರಿಟ್ಟಿದ್ದ. ಗೂನಿ ಸಿಂದ್ಯಾಗ ಒಂದೀಟು ಉಪ್ಪಿನ ರುಚಿ, ಅದರ ಬೇರು ಸವಳು ಮಣ್ಣಾಗಿತ್ತು. ದೊಡ್ಡವ್ವಂದು ನಸುಕಿನ್ಯಾಗ ಸಕ್ಕರಿ, ಮಧ್ಯಾಹ್ನಕ್ಕ ನೊರಿ, ಸಂಜೀಕ ಹುಳಿ, ತಲಿಗಿ ಏರೂದು ಆವಾಗ. ಸಿಂದಿ ಇಳಸಾಕ ಒಂದು ವರ್ಷ ಈ ಮಗ್ಗಲ ಕೆತ್ತಿದ್ರ ಮುಂದಿನ ವರ್ಷ ಆ ಮಗ್ಗಲ, ಆ ಗಾಯ ಎಣಿಸಿ ಮರದ ವಯಸ್ಸು ಹೇಳಬಹುದಿತ್ತು. ಆಮ್ಯಾಲ ಕೆನಾಲ್ ನೀರು ಬಂತು. ಹಳ್ಳದ ದಂಡಿ ಎಲ್ಲಾ ಸಮ ಮಾಡಿ ಭತ್ತ ಹಚ್ಚಿದ್ರು. ಮೊದ್ಲ ಗೂನಿ ಹೋದ್ಲು, ಆಮ್ಯಾಲ ಸವತೇರು... ಅಲ್ಲಲ್ಲ, ಮೂಕಿ ಮೊದ್ಲ ಹೋದ್ಲು, ಗೂನಿ ಆಮ್ಯಾಲ. ಜೆಸಿಬಿ ಬಂದ ದಿನ ಮಾವ ಉಣಲಿಲ್ಲ.

ಅದ ವರ್ಷ ನಿಮ್ಮ ತಾತ ಸಿಂದಿ ಇಳಸೂ ಮುಂದ ಮರದಿಂದ ಬಿದ್ದ. ಸೊಂಟ ಮುರದು ಹಾಸಿಗಿ ಹಿಡದ. ನಿಮ್ಮಪ್ಪ ಇನ್ನಾ ಸಣ್ಣಾಂವ, ಮನ್ಯಾಗ ಜ್ವಾಳ ಇಲ್ಲ. ಸಿಂದಿ ಗುತ್ತೇದಾರ ಕರದು, "ಅಂಗಡ್ಯಾಗ ಕುಂತು ಮಾರಬೇ, ಮುದುಕನೂ ಕರಕೊಂಡು ಬಾ" ಅಂದ. ಮುದುಕ ಯಾಕಂದ್ರ ಅಲ್ಲೊಂದು ಪದ್ಧತಿ ಇತ್ತು. ಮರ ಏರೂ ಮನಿತನದ ಹಿರೇರು ಮಂದಿ ಮುಂದ ಮೊದಲನೇ ಬಟ್ಟಲು ಕುಡದು, ಮರದ ಹೆಸರು ಕೂಗಬೇಕು. ಹಿರೇರು ಕುಡೀಲಿಲ್ಲಂದ್ರ ಯಾರೂ ಮುಟ್ಟತಿರಲಿಲ್ಲ. ಮಾವ ಕಟ್ಟಿ ಮ್ಯಾಲ ಕುಂತು, ಕುಡದು, "ದೊಡ್ಡವ್ವಂದು!" ಅಂತ ಕೂಗತಿದ್ದ, ಮಂದಿ ಮುಂದ ಬರ್ತಿತ್ತು.

ಮರ ಕಮ್ಮಿ ಆದ್ವು, ಕುಡಿಯೋ ಮಂದಿ ಕಮ್ಮಿ ಆಗಲಿಲ್ಲ. ಒಂದಿನ ಗುತ್ತೇದಾರನ ಆಳು ಕಾಗದದ ಪೊಟ್ಟಣ ತಂದ, ಬಿಳಿ ಪುಡಿ. "ನೀರು ಬೆರಸಿ ಇದನ್ನ ಹಾಕು, ನಿಶಾ ಏರತದ. ಒಲ್ಲೆಂದ್ರ ನಾಳೆ ಇಲ್ಲಿ ಬ್ಯಾರೆಯಾಕಿ ಕುಂಡ್ರತಾಳ." ಕೆಟ್ಟದ್ದಂತ ನನಗ ಗೊತ್ತಿತ್ತು. ಗೊತ್ತಿರಲಿಲ್ಲ ಅಂತ ನಿಮ್ಮ ಮುಂದ ಸುಳ್ಳು ಹೇಳೂದಿಲ್ಲ. ಹಾಕಿದ್ನಿ. ಮಾವಗ ಮಾತ್ರ ಬ್ಯಾರೆ ಬಟ್ಟಲ್ದಾಗ ಚೊಲೊದು ತಗದಿಟ್ಟಿದ್ನಿ. ಕುರಿ ಕಾಯೋ ಮುದುಕೊಬ್ಬ ನೋಡಿಬಿಟ್ಟ. "ಯವ್ವಾ, ನಮಗ ಕೊಡೂ ಗಡಗ್ಯಾಗಿಂದ ಹಿರಿಯಾಗೂ ಕೊಡು" ಅಂದ. ಮಂದಿ ಎಲ್ಲಾ ನನ್ನ ಕೈ ನೋಡಾಕತ್ತಿತ್ತು. ಅದ ಗಡಗ್ಯಾಗಿಂದ ಸುರುವಿದ್ನಿ. ಮಾವ ಗುಟುಕು ತಗೊಂಡ. ನುಂಗಲಿಲ್ಲ, ಹಂಗ ಬಾಯಾಗ ಹಿಡದು ಕುಂತ. ನುಂಗಿದ. ಕೂಗಿದ: "ಗೂನೀದು!"

ಗೂನಿ ಎಲ್ಲಿದ್ಲು? ಆಕಿ ಇದ್ದ ಜಾಗದಾಗ ಭತ್ತ ತೆನಿ ಬಿಟ್ಟಿತ್ತು. ದೂರದಿಂದ ಬಂದ ಮಂದಿಗಿ ಏನು ಗೊತ್ತು, ಬಟ್ಟಲು ಚಾಚಿದ್ರು. ಮರುದಿನ "ಮೂಕೀದು" ಅಂದ. ಆಮ್ಯಾಲ "ಸವತೇರದು." ದಿನಾ ಒಂದು ಸತ್ತ ಮರ. ನಾನೂ ದಿನಾ ಸುರುವಿದ್ನಿ, ಎರಡು ವರ್ಷ. ಒಂದು ಬಟ್ಟಲ ಕುಡಿಯೋ ಮಾವ ಮೂರು ಬಟ್ಟಲಕ್ಕ ಬಂದ. ಆದ್ರೂ ನಾ ಕೇಳಲಿಲ್ಲ, ಆಂವ ಹೇಳಲಿಲ್ಲ.

ಒಂದಿನ ಪೊಲೀಸರು ಬಂದು ಅಂಗಡಿಗಿ ಬೀಗ ಜಡದ್ರು. ಆ ಪುಡಿ ಮೈಗಿ ಹತ್ತಿತ್ತಲ್ಲ, ಅದು ಸಿಗದ ಮೂರನೇ ದಿನಕ್ಕ ಮಾವನ ಕೈಕಾಲು ನಡಗಾಕತ್ತಿದ್ವು, ಕುತ್ತಿಗಿ ಸೊಟ್ಟಾತು, ಬಾಗಲಾ ಕಡಿ ನೋಡಿ, "ಗೂನಿ ಬಂದಾಳ, ಒಳಗ ಕರೀರಿ, ಬಿಸಲಾಗ ನಿಂತಾಳ" ಅಂತಿದ್ದ. ರಾಯಚೂರು ದವಾಖಾನಿಗಿ ಒಯ್ದೆವು. ಯಪ್ಪಾ, ಅಲ್ಲಿ ನೋಡ್ತೀನಿ, ಮಂಚ ಮಂಚಕ್ಕ ನನ್ನ ಗಿರಾಕಿಗಳು. ಸೀರಿ ಹರದು ಕೈಕಾಲು ಕಟ್ಟ್ಯಾರ. ಕುರಿ ಕಾಯೋ ಮುದುಕ ಮ್ಯಾಲ ಮಾಳಗಿ ಕಡಿ ಕೈ ಚಾಚಿ ಬಟ್ಟಲು ಬೇಡಾಕತ್ತಾನ. ನಾ ಸೆರಗು ಮಾರಿಗಿ ಎಳಕೊಂಡ್ನಿ.

ಮಧ್ಯಾಹ್ನ ಮಾವಗ ಒಂದೀಟು ತಿಳುವು ಬಂತು. ಕಾಲು ಹಿಡದು ಕೇಳಿದ್ನಿ: "ಮಾವ, ನಿಮಗ ಗೊತ್ತಿತ್ತೇನು?"

"ಮೊದಲನೇ ಗುಟುಕಿಗೇ ಗೊತ್ತಾತವ್ವ."

"ಮತ್ತ ಯಾಕ ಕುಡದ್ರಿ? ಯಾಕ ಸತ್ತ ಮರದ ಹೆಸರು ಕೂಗಿದ್ರಿ?"

"ಇದ್ದ ಮರಕ್ಕ ಯಾಕ ಕೆಟ್ಟ ಹೆಸರು ತರ್ಲಿ?" ಅಂದ. ಆಮ್ಯಾಲ ಸಾವಕಾಶ ಅಂದ, "ನಿನ್ನ ಹೆಸರು ಹ್ಯಾಂಗ ಕೂಗ್ಲವ್ವ, ಮಂದಿ ಮುಂದ?"

ನೀರು ಕೇಳಿದ. ತಂಬಗಿ ಬಾಯಿಗಿ ಹಿಡದ್ನಿ. ಒಂದು ಗುಟುಕು ತಗೊಂಡು, ಹಂಗ ಬಾಯಾಗ ಹಿಡದು ಕುಂತ, ನುಂಗಿದ. "ಇದರಾಗ ಏನಿಲ್ಲ. ಮಂದಿಗಿ ಕೊಡು" ಅಂದ. ಹೊತ್ತು ಮುಳುಗೂದ್ರಾಗ ಹೋಗಿಬಿಟ್ಟ.

ಈಗೂ ಬಸ್ಸಿನ್ಯಾಗ ಆ ಗದ್ದಿ ದಾಟೂ ಮುಂದ ನಾ ಕಣ್ಣು ಮುಚ್ಚಿಕೋತೀನಿ. ಭತ್ತದ ನಡುವ ಅವು ಸಾಲಾಗಿ ನಿಂತಿರ್ತಾವ, ಗಾಯದ ಮಗ್ಗಲ ನನ್ನ ಕಡಿ ತಿರುವಿ. ಎರಡು ವರ್ಷ ಮಂದಿಗಿ ಸುರುವಿದ್ನಲ್ಲ, ಒಂದಿನ, ಒಂದ ಒಂದಿನ ಆ ಗಡಗ್ಯಾಗಿಂದು ನಾ ಒಂದು ಗುಟುಕು ಕುಡದಾಕಿ ಅಲ್ಲ. ನನ್ನ ಪಾಲಿಂದೂ ಆಂವನ ಕುಡದ.

ತಗೋರಿ, ಚಾ ಆರಾಕತ್ತದ. ನಾ ಕುಡದು ನೋಡೀನಿ, ಈಗ ನೀವು ಕುಡೀರಿ. ಮಂದಿಗಿ ಏನು ಕೊಟ್ರೂ ಮೊದ್ಲ ತಾವು ಕುಡದು ಕೊಡಬೇಕು. ಅಷ್ಟ.