ಸಣ್ಣ ಅಕ್ಷರದಲ್ಲಿ ಬರೆದ ಕಣ್ಣು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಸಹೋದ್ಯೋಗಿಗಳೇ, ಹಿಂದಿನ ಸಾಲಿನಲ್ಲಿ ಈಗಾಗಲೇ ಆಕಳಿಸುತ್ತಿರುವ ಹತ್ತನೆಯ ತರಗತಿಯ ಮಕ್ಕಳೇ, ಸಭಿಕರೇ,

ನಿವೃತ್ತಳಾಗುವ ಜೀವಶಾಸ್ತ್ರದ ಟೀಚರ್‌ಗೆ ಶಾಲು ಹೊದಿಸಿ ಮೈಕು ಕೊಟ್ಟರೆ ಏನಾಗುತ್ತದೆ? ಪಾಠವಾಗುತ್ತದೆ. ದಾಂಡೇಲಿಯ ಈ ಶಾಲೆಯಲ್ಲಿ ಅನುವಂಶೀಯತೆಯ ಪಾಠವನ್ನು ನಾನು ಪುಸ್ತಕದಲ್ಲಿರುವ ಬಟಾಣಿ ಗಿಡದಿಂದ ಶುರು ಮಾಡಿದವಳಲ್ಲ. ಚಿಗಳ್ಳಿಯ ನಮ್ಮ ಗೋವಿನಜೋಳದ ಹೊಲದಿಂದ ಶುರು ಮಾಡಿದವಳು.

ಒಂದು ವರ್ಷ ನಮ್ಮಪ್ಪ ಮುದಕಪ್ಪ ಹೈಬ್ರಿಡ್ ಬೀಜ ಬಿತ್ತಿದ. ಬೆಳೆ ಒಂದೇ ಎತ್ತರಕ್ಕೆ ನಿಂತಿತು. ಖುಷಿಯಾಗಿ ದಪ್ಪ ತೆನೆಗಳನ್ನು ಆರಿಸಿ, ಒಲೆಯ ಮೇಲೆ ಹೊಗೆಗೆ ಕಟ್ಟಿ, ಮರುವರ್ಷ ಅವನ್ನೇ ಬಿತ್ತಿದ. ನಮ್ಮವರು ಮೊದಲಿಂದ ಬೀಜ ಇಟ್ಟುಕೊಂಡು ಬಂದದ್ದೇ ಹಾಗೆ. ಬಂದದ್ದೇನು? ಒಂದು ಗಿಡ ಆಳೆತ್ತರ, ಪಕ್ಕದ್ದು ಸೊಂಟದೆತ್ತರ. ಊರು ನಕ್ಕಿತು. ಅಪ್ಪ ಬದುವಿನ ಮೇಲೆ ನಿಂತು, “ನಾ ಹಾಕಿದ್ದು ಒಂದ ನಮೂನಿ. ಇದರ ಅಜ್ಜ, ಅಜ್ಜಿ ಎಲ್ಲಾರೂ ಎದ್ದು ಬಂದಾರ ನೋಡವ್ವ” ಎಂದು ತಾನೂ ನಕ್ಕ.

ನಾನು ನಗಲಿಲ್ಲ. ಯಾಕೆ? ಇದನ್ನು ತರಗತಿಯಲ್ಲಿ ಎಂದೂ ಹೇಳಿಲ್ಲ. ನನ್ನವ್ವ ಗಿರಿಜಾಬಾಯಿ ನನ್ನನ್ನು ಹೆತ್ತು ತೀರಿಹೋದಳು. ಒಂದು ಫೋಟೊ ಕೂಡ ಇಲ್ಲ. ಅವಳದು ಬೆಕ್ಕಿನ ಕಣ್ಣು ಎಂದಷ್ಟೇ ಗೊತ್ತು. ತಲೆ ಬಾಚುವಾಗ ಅಪ್ಪ ನನ್ನ ಗದ್ದ ಹಿಡಿದೆತ್ತಿ ಆ ಕಣ್ಣು ಹುಡುಕುತ್ತಿದ್ದ. ನನ್ನವು ಅವನವೇ, ಕರಿ ಕಣ್ಣು. ಅವ್ವನನ್ನು ನಾನು ಕನ್ನಡಿಯಲ್ಲೂ ಕಾಣಲಿಲ್ಲ. ಅಡಗಿದ್ದು ಮತ್ತೆ ಬರುತ್ತದೆಯೇ? ಆ ಹೊಲ ನೋಡಿದ ಮೇಲೆ ಅದೊಂದೇ ಆಸೆಗೆ ಜೀವಶಾಸ್ತ್ರ ಓದಿದೆ.

ಮಗಳು ಸುಮಿತಾ ಹುಟ್ಟಿದಾಗ ಹಳಿಯಾಳದ ನಮ್ಮತ್ತೆ ಶಾಂತಾದೇವಿಯವರು, ಇಂಥ ಬೆಕ್ಕಿನ ಕಣ್ಣು ನಮ್ಮ ಮನೆತನದಲ್ಲೇ ಇಲ್ಲ ಎಂದುಬಿಟ್ಟರು. ಸೀಮೆಸುಣ್ಣ ತೆಗೆದು ಅಡುಗೆಮನೆಯ ನೆಲದ ಮೇಲೆ ನಾಲ್ಕು ಮನೆಯ ಚೌಕ ಬರೆದೆ. ಕರಿ ಕಣ್ಣಿಗೆ ಇಂಗ್ಲಿಷಿನ ದೊಡ್ಡ ಅಕ್ಷರ, ಬೆಕ್ಕಿನ ಕಣ್ಣಿಗೆ ಸಣ್ಣ ಅಕ್ಷರ. ಸಣ್ಣದು ತಂದೆ ತಾಯಿ ಇಬ್ಬರಿಂದಲೂ ಬಂದರೇ ಕಾಣಿಸುವುದು ಎಂದೆ. ಕಣ್ಣಿನ ಬಣ್ಣ ಅಷ್ಟು ಸರಳವಲ್ಲ, ಆದರೆ ಅತ್ತೆಯವರಿಗೆ ಅಷ್ಟು ಸಾಕಾಯಿತು. ಚೌಕವನ್ನೇ ನೋಡುತ್ತ ಕೂತು, ಕೊನೆಗೆ ಜೋಯಿಡಾದ ತಮ್ಮ ಬೆಕ್ಕಿನ ಕಣ್ಣಿನ ಸೋದರತ್ತೆಯೊಬ್ಬರನ್ನು ನೆನಪಿಸಿಕೊಂಡರು.

ಅಪ್ಪ ಬಂದ. ಕೂಸಿನ ಗದ್ದ ಹಿಡಿದೆತ್ತಿದ. “ಬರಾಕ ಇಷ್ಟ ತಡಾ ಮಾಡಿದೆಲ್ಲ, ಗಿರಿಜಾ” ಎಂದ. ಅವನು ಅತ್ತದ್ದನ್ನು ಅಂದೇ ಮೊದಲು ನೋಡಿದೆ.

ಮಕ್ಕಳೇ, ಹಲಗೆಯ ಮೇಲೆ ಸಣ್ಣ ಅಕ್ಷರವನ್ನು ಯಾಕಿಷ್ಟು ತಿದ್ದಿ ತಿದ್ದಿ ಬರೆಯುತ್ತೀರಿ ಎಂದು ಕೇಳುತ್ತಿದ್ದಿರಿ. ನಾನು ಬರೆಯುತ್ತಿದ್ದುದು ನನ್ನವ್ವನನ್ನು.

ಸುಮಿತಾ ಮೂರನೆಯ ಸಾಲಿನಲ್ಲಿ ಕೂತಿದ್ದಾಳೆ. ತಲಿ ತಗ್ಗಸಬ್ಯಾಡವ್ವ, ಇತ್ತ ನೋಡು. ಸಾಲಿ ನೌಕರಿ ಮುಗಿಸಿದ ತನ್ನ ಮಗಳನ್ನ ನಮ್ಮವ್ವ ಒಮ್ಮೆ ನೋಡಲಿ.

ಇಷ್ಟು ಹೊತ್ತು ಗಂಟೆ ಬಾರಿಸದೆ ಕೇಳಿದ ನಿಮಗೆಲ್ಲ ನನ್ನ ಧನ್ಯವಾದ, ನಮಸ್ಕಾರ.