ಮರುತಪಾಸಣೆಯ ಬೆಂಚು

ಎರಡೂ ಕಿವಿ ಕೇಳುವುದಿಲ್ಲವೆಂದು ಸರ್ಟಿಫಿಕೇಟು ಕೊಂಡು ಕೆಲಸ ಗಿಟ್ಟಿಸಿದ್ದ ಗುಮಾಸ್ತರೊಬ್ಬರು, ಆಸ್ಪತ್ರೆಯ ಬೆಂಚಿನ ಮೇಲೆ ಗೋಡೆ ನೋಡುತ್ತ ಕುಳಿತು, ಪಕ್ಕದವರ ಒಂದೊಂದು ಮಾತನ್ನೂ ಕೇಳಿಸಿಕೊಳ್ಳಬೇಕಾಯಿತು. ಹಳೆಯ ಡಾಕ್ಟರು ಲಂಚದಲ್ಲಿ ಸಿಕ್ಕಿಬಿದ್ದ ಮೇಲೆ, ಅವರು ಸಹಿ ಹಾಕಿದ ಅಂಗವೈಕಲ್ಯದ ಸರ್ಟಿಫಿಕೇಟುಗಳನ್ನೆಲ್ಲ ಸರ್ಕಾರ ರದ್ದು ಮಾಡಿ ಎಲ್ಲರನ್ನೂ ಮರುತಪಾಸಣೆಗೆ ಕರೆದಿತ್ತು. ಪಕ್ಕದಲ್ಲಿ ಒಬ್ಬ ತಾಯಿ, ಅವಳ ತಮ್ಮ, ಇಬ್ಬರ ನಡುವೆ ಒಂದು ಕಾಲು ಗಿಡ್ಡವಾಗಿದ್ದ ಮಗಳು.

“ಇವಳ ಕಾಲು ನಿಜವಾಗ್ಲೂ ಗಿಡ್ಡ ಕಣೋ. ಇವಳದ್ಯಾಕೆ ರದ್ದು?”

“ಸಹಿ ಅವನದೇ ಅಲ್ವಾ ಅಕ್ಕ.”

“ನಾವೂ ಕೊಟ್ವಿ, ಗಟ್ಟಿಮುಟ್ಟಾಗಿರೋರೂ ಕೊಟ್ರು. ನಿಜಕ್ಕೂ ಸುಳ್ಳಿಗೂ ಒಂದೇ ರೇಟು ಇಟ್ಟಿದ್ದ, ಮನೆಹಾಳ.”

“ಮೆಲ್ಲಗೆ. ಕೊಟ್ಟೋರ ಮೇಲೂ ಕೇಸು ಹಾಕ್ತಾರಂತೆ.”

“ಕೊಡದಿದ್ರೆ ಸಹಿ ಹಾಕ್ತಿದ್ನಾ?”

“ಅದನ್ನ ಯಾರು ಕೇಳ್ತಾರೆ? ಈ ಹೊಸಬರು ಒಂದು ಕಾಸೂ ಮುಟ್ಟಲ್ಲ. ಆದ್ರೆ ಒಳಗೆ ಬಂದೋರನ್ನೆಲ್ಲ ಕಳ್ಳರು ಅಂತಲೇ ನೋಡ್ತಾರೆ. ಪುಟ್ಟಿ, ಸ್ವಲ್ಪ ಜೋರಾಗೇ ಕುಂಟಮ್ಮ.”

“ಇರೋದು ಸಾಲ್ದಾ ಮಾವ?”

“ಬೆಳಿಗ್ಗೆಯಿಂದ ನೋಡ್ತಿದೀನಿ, ಸುಳ್ಳು ಕುಂಟೋರು ನಿನಗಿಂತ ಚೆನ್ನಾಗಿ ಕುಂಟ್ತಿದಾರೆ. ನಾಳೆ ಸಂಜೆಯೊಳಗೆ ಆಫೀಸಿಗೆ ಹೊಸ ಕಾಗದ ಕೊಡದಿದ್ರೆ ನಿನ್ನ ಕೆಲಸ ಹೋಯ್ತು.”

“ನೆಟ್ಟಗೆ ನಡಿ, ಜನ ನೋಡ್ತಾರೆ ಅಂತ ಚಿಕ್ಕಂದಿನಿಂದ ತಲೆ ತಿಂದೋಳು ಅಮ್ಮನೇ.”

ಬಾಗಿಲಲ್ಲಿ ನರ್ಸು ನಂಬರು ಕೂಗಿದಳು. ಕತ್ತು ತಿರುಗದಂತೆ ಗುಮಾಸ್ತರು ಬಿಗಿಹಿಡಿದು ಕುಳಿತರು. ಹುಡುಗಿ ಎದ್ದಳು, ಅಭ್ಯಾಸಬಲದಿಂದ ಸೊಂಟ ಬಿಗಿದು, ಗಿಡ್ಡ ಕಾಲಿನ ತುದಿಬೆರಳ ಮೇಲೆ ಭಾರ ಹಾಕಿ, ಆದಷ್ಟೂ ನೆಟ್ಟಗೆ ನಾಲ್ಕು ಹೆಜ್ಜೆ ನಡೆದಳು.

ಹಿಂದೆಯೇ ಹೊರಟ ತಾಯಿ ತಗ್ಗಿದ ದನಿಯಲ್ಲಿ ಹೇಳಿದಳು: “ಹಾಗಲ್ಲ ಮಗಳೇ. ಕುಂಟು.”