ಏರಬಾರದಿದ್ದ ತೂಕ

ಆರೋಗ್ಯ ಕೇಂದ್ರದ ಬೆಂಚಿನ ಮೇಲೆ ಜ್ವರದ ಮಾತ್ರೆಗಾಗಿ ಕಾದು ಕೂತಿದ್ದ ಬಟ್ಟೆ ಹೊಲಿಯುವವಳು ಸ್ವಲ್ಪ ಸರಿದು, ಆಗತಾನೇ ಬಂದ ಇಬ್ಬರು ಓರಗಿತ್ತಿಯರಿಗೆ ಜಾಗ ಕೊಟ್ಟಳು. ಇಬ್ಬರ ಸೊಂಟದಲ್ಲೂ ಒಂದೊಂದು ಹೆಣ್ಣುಕೂಸು. ಕಿರಿಯವಳ ಕೂಸಿಗೆ ಅಳುವಷ್ಟೂ ತ್ರಾಣವಿದ್ದಂತೆ ಹೊಲಿಯುವವಳಿಗೆ ಕಾಣಲಿಲ್ಲ.

"ಅಕ್ಕಾ, ಈ ತಿಂಗಳು ಹಿಟ್ಟಿನ ಡಬ್ಬಿ ನಮ್ಮಿಬ್ಬರ ಮನೆ ನಡುಗೋಡೆ ಮೇಲೆ ಇಡಲೇ ಇಲ್ಲ ನೀನು."

"ಇನ್ನು ಆಗಲ್ಲ ಕಣೇ. ಕೂಸುಗಳ ಮೇಲೆ ಈ ಹಿಟ್ಟಿನ ಪರೀಕ್ಷೆ ನಡೆಸೋ ಪ್ರೊಫೆಸರಿಗೆ ಗೊತ್ತಾಗಿಹೋಯ್ತು."

"ಯಾವಳು ಚಾಡಿ ಹೇಳಿದ್ದು?"

"ನಿನ್ನ ಮಗಳೇ. ಹೋದ ಸಲ ಅರ್ಧ ಕೆಜಿ ಏರಿದ್ಲಲ್ಲ. ಹಿಟ್ಟು ಕೊಡದೆ ಬರೀ ತೂಕ ನೋಡೋ ಮನೇಲಿ ಕೂಸು ಹೇಗೆ ಮೈ ತುಂಬ್ಕೊಂಡ್ತು ಅಂತ ಕೇಳಿದ್ರು."

"ಮೈ ತುಂಬಿದೆಯಂತೆ! ನೀನೇನಂದೆ?"

"ಬಾಯಿಬಿಟ್ಟೆ. ಬೈಲಿಲ್ಲ ಪಾಪ. ಹಂಚ್ಕೊಂಡ್ರೆ ಹಿಟ್ಟಿಂದ ಉಪಯೋಗ ಇದೆಯೋ ಇಲ್ವೋ ತಿಳಿಯೋದು ಹೇಗಮ್ಮಾ ಅಂದ್ರು. ಇನ್ನೊಂದು ಸಲ ಕೊಟ್ರೆ ನಮ್ಮ ಹೆಸರೂ ಹೊಡೆದುಹಾಕ್ತಾರಂತೆ."

"ಉಪಯೋಗ ಇವಳನ್ನ ನೋಡಿದ್ರೆ ತಿಳಿಯಲ್ವಾ?"

"ಎರಡು ವರ್ಷ ನೋಡ್ಬೇಕಂತೆ. ಆಮೇಲೆ ಬಡದೇಶಗಳಿಗೆಲ್ಲ ಕೊಡಿಸ್ತಾರಂತೆ."

"ಅಲ್ಲೀತನಕ ಇವಳು?"

"ಚೀಟಿ ಎತ್ತಿದಾಗ ಹಿಟ್ಟು ನಂಗೆ ಬಂತು, ನಾನೇನು ಮಾಡ್ಲಿ?"

"ನಾನಾಗಿದ್ರೆ ಕೊಡ್ತಿದ್ದೆ."

"ಈಗ ಹಾಗನ್ನಿಸುತ್ತೆ."

ನರ್ಸು ಬಾಗಿಲಿಗೆ ಬಂದು, ಹಿಟ್ಟಿನವರು ಈ ಕಡೆ, ಬರೀ ತೂಕದವರು ಆ ಕಡೆ ಎಂದಳು. ಹಿರಿಯವಳು ತಲೆ ತಗ್ಗಿಸಿ ಎದ್ದಳು.

"ಇವತ್ತು ಇವಳ ತೂಕ ಇಳಿದಿರುತ್ತೆ ಅಕ್ಕಾ," ಎಂದಳು ಕಿರಿಯವಳು. "ನಿಮ್ಮ ಪ್ರೊಫೆಸರಿಗೆ ಎಲ್ಲಾ ಸರಿಹೋಗುತ್ತೆ ಬಿಡು."

ಕೂಸನ್ನು ಹೆಗಲಿಗೆ ಹಾಕಿಕೊಂಡು ಅವಳು ಆ ಕಡೆಯ ಸಾಲಿನ ಕೊನೆಗೆ ಹೋಗಿ ನಿಂತಳು.